ಕಬ್ಬಿಣದಲ್ಲಿ ಹಾದ ನೀರು

ತೊಟ್ ಎಂದು ಒಂದು ಹನಿ ಬಿತ್ತು. ಸುನಂದಾ ಮುಂದಿನ ಹನಿಗಾಗಿ ಕಾದಳು. ಬೀಳಲಿಲ್ಲ.

ರಾತ್ರಿ ಎರಡು ದಾಟಿತ್ತು. ಹಿತ್ತಿಲ ಕೋಣೆಯ ಕಿಟಕಿ ತೆರೆದಿಟ್ಟೇ ಅವಳು ಮಲಗಿದ್ದಳು. ಗೋಡೆಯಾಚೆ, ನೆರೆಮನೆಯ ಇಂದ್ರಾಬಾಯಿಯ ಬಾವಿಕಟ್ಟೆಯ ಪಕ್ಕದಲ್ಲಿ, ಮೂರನೆಯ ಡ್ರಮ್ಮಿನ ನಲ್ಲಿಯಿಂದ ತಾಮ್ರದ ಕೊಡಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಸಂಜೆ ಖಾಲಿ ಕೊಡದಲ್ಲಿ ಠಣ್ ಎನ್ನುತ್ತಿದ್ದ ಸದ್ದು ನೀರು ಏರಿದಂತೆ ಮೆತ್ತಗಾಗುತ್ತ ಬಂದಿತ್ತು. ಕೊಡ ಎಷ್ಟು ತುಂಬಿತು ಎಂದು ಸದ್ದಿನಿಂದಲೇ ಅಂದಾಜು ಮಾಡುತ್ತ ಅವಳು ನಿದ್ದೆ ಬಿಟ್ಟಿದ್ದಳು. ಬೆಳಗಾದರೆ ಗಂಗಿಪೂಜೆ. ಅಷ್ಟರಲ್ಲಿ ಕೊಡ ತುಂಬಿರಬೇಕು, ಅದೂ ತಾನಾಗಿಯೇ ತುಂಬಿರಬೇಕು ಎಂದು ಇಂದ್ರಾಬಾಯಿ ಹೇಳಿದ್ದಳು.

ಸೆರಗು ಹೊದ್ದು ಮೊಬೈಲಿನ ಬೆಳಕು ಹಾಕಿಕೊಂಡು ಸುನಂದಾ ಹಿತ್ತಿಲ ಬಾಗಿಲಿನಿಂದ ಆಚೆ ಹೋದಳು. ಬಾವಿಯ ನೀರು ಸೋಸುವ ಮೂರು ನೀಲಿ ಡ್ರಮ್ಮುಗಳು ಇಟ್ಟಿಗೆಯ ಮೇಲೆ ಮೆಟ್ಟಿಲಿನಂತೆ ನಿಂತಿದ್ದವು. ಮೊದಲನೆಯದರಲ್ಲಿ ಉಸುಕು, ನಡುವಿನದರಲ್ಲಿ ಲೇತ್ ಅಂಗಡಿಯಿಂದ ತಂದ ಕಬ್ಬಿಣದ ತುರಿ, ಕೊನೆಯದರಲ್ಲಿ ಉಸುಕು ಮತ್ತು ಇದ್ದಿಲು. ನಡುವಿನ ಡ್ರಮ್ಮಿನ ಮುಚ್ಚಳ ತೆಗೆದಳು. ನೀರು ಮೇಲೆಯೇ ನಿಂತಿತ್ತು, ಕೆನೆಯಂತೆ ತುಕ್ಕು ಕಟ್ಟಿತ್ತು. ಕಟ್ಟಿಗೆಯಿಂದ ಚುಚ್ಚಿದಳು. ಇಳಿಯಲಿಲ್ಲ. ತುರಿಗೆ ತುರಿ ಅಂಟಿ ಕಲ್ಲಾಗಿತ್ತು. ಹೀಗಾಗುತ್ತದೆ ಎಂದು ಅವಳು ಓದಿದ್ದಳು. ಈ ರಾತ್ರಿಯೇ ಆಗುತ್ತದೆ ಎಂದು ಓದಿರಲಿಲ್ಲ.

ಕೊಡದೊಳಗೆ ಬೆಳಕು ಬಿಟ್ಟಳು. ಅರ್ಧ ಕೊಡ ನೀರು. ತಳದ ತಾಮ್ರದ ಮೇಲಿನ ಸುತ್ತಿಗೆಯ ಗುರುತುಗಳೂ ಕಾಣುವಷ್ಟು ತಿಳಿ. ಆ ತಿಳಿಯೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಇಳಕಲ್ಲಿನ ಆ ಓಣಿಯಲ್ಲಿ ಅವಳ ಅಪ್ಪ ಶಂಕರಲಿಂಗಪ್ಪನದು ಬಣ್ಣದ ಮನೆ. ನೇಕಾರರು ನೂಲಿನ ಲಡಿ ತಂದು ಕೊಡುತ್ತಿದ್ದರು. ಅಪ್ಪ ಹಂಡೆಯ ಮುಂದೆ ನಿಂತು ಅದ್ದಿ ತೆಗೆಯುತ್ತಿದ್ದ. ಸೆರಗಿನ ಕೆಂಪು ಬೇಕಾದರೆ ಶಂಕರಲಿಂಗಪ್ಪನ ಕಡೆಗೇ ಹೋಗಬೇಕು ಎನ್ನುತ್ತಿದ್ದರು ಜನ. ಹಂಡೆ ತೊಳೆದ ನೀರು ಹಿತ್ತಿಲ ತಗ್ಗಿಗೆ ಹರಿಯುತ್ತಿತ್ತು, ದಿನಾಲೂ, ಇಪ್ಪತ್ತೈದು ವರ್ಷ. ತಗ್ಗಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಗೋಡೆಯಾಚೆ, ಇಂದ್ರಾಬಾಯಿಯ ಬಾವಿ. ಎರಡೂ ಮನೆಗಳು ಕುಡಿಯುತ್ತಿದ್ದುದು ಅದೇ ನೀರನ್ನು. ಊರಿನ ಕೆಂಪು ಕಲ್ಲನ್ನೇ ಕಡಿದು ತೋಡಿದ ಬಾವಿ ಅದು, ಹಾಗಾಗಿ ನೀರಿನಲ್ಲಿ ಕೆಂಪು ಕಂಡಾಗ ಮೊದಮೊದಲು ಕಲ್ಲಿನ ನೆರಳೆಂದೇ ಎಲ್ಲರೂ ತಿಳಿದರು. ಒಂದು ದಿನ ಬಿಳಿಯ ಹಗ್ಗ ಗುಲಾಬಿಯಾಗಿ ಮೇಲೆ ಬಂತು. ಆಮೇಲೆ ಆ ನೀರನ್ನು ಯಾರೂ ಕುಡಿಯಲಿಲ್ಲ.

ಇಂದ್ರಾಬಾಯಿಯ ಮಗಳು ನಾಗರತ್ನಾ ಆಗ ತಿಂಗಳ ಬಾಣಂತಿ. ಬಾಣಂತಿ ಮನೆಯ ಹೊರಗೆ ಮೊದಲು ಹೆಜ್ಜೆ ಇಡುವುದು ಬಾವಿಗೆ. ಗಂಗಿಯನ್ನು ಪೂಜಿಸಿ, ಒಂದು ಬೊಗಸೆ ಕುಡಿದು, ಕೊಡ ಹೊತ್ತು ಒಳಗೆ ಬಂದರೆ ಅವಳು ಮತ್ತೆ ಮನೆಯವಳಾದಂತೆ. ನಾಗರತ್ನಾ ಕಿವಿಗೆ ಅರಿವೆ ಕಟ್ಟಿಕೊಂಡು, ಕೈಯಲ್ಲಿ ಚೂರಿ ಹಿಡಿದು, ಓಣಿಯ ತುದಿಯ ನಲ್ಲಿಗೆ ಕುಂಕುಮ ಹಚ್ಚಿದಳು. ಪಕ್ಕದಲ್ಲಿ ಸ್ಕೂಟರುಗಳು ಹಾರ್ನ್ ಹಾಕುತ್ತಿದ್ದವು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಸುನಂದಾ ರಜೆಗೆ ಬಂದವಳು ಬಾಗಿಲಲ್ಲಿ ನಿಂತಿದ್ದಳು. ಹಿಂದಿರುಗುವಾಗ ನಾಗರತ್ನಾ ಅವಳನ್ನು ಒಮ್ಮೆ ನೋಡಿದಳು. ಒಂದೇ ಬೆಂಚಿನಲ್ಲಿ ಕೂತು ಸಾಲೆ ಕಲಿತವರು, ಒಂದೇ ಬಾವಿಗೆ ಬಾಗಿ ಒಬ್ಬರ ಹೆಸರು ಒಬ್ಬರು ಕೂಗಿದವರು. ಆಮೇಲೆ ಇಪ್ಪತ್ಮೂರು ವರ್ಷ ಮಾತಿರಲಿಲ್ಲ. ಬಣ್ಣದ ಪೊಟ್ಟಣಗಳ ಮೇಲಿನ ಇಂಗ್ಲಿಷ್ ಓದಿ, ಎಷ್ಟು ನೀರಿಗೆ ಎಷ್ಟು ಪುಡಿ ಎಂದು ಅಪ್ಪನಿಗೆ ಹೇಳಿಕೊಡುತ್ತಿದ್ದವಳು ತಾನೇ ಎಂಬುದನ್ನು ಸುನಂದಾ ಯಾರಿಗೂ ಹೇಳಿರಲಿಲ್ಲ.

ಅವಳು ಮದುವೆಯಾಗಲಿಲ್ಲ. ಹುನಗುಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಓಡಾಡಿಕೊಂಡು, ಗೋಡೆಯಾಚೆಯ ಮಾತುಗಳನ್ನು ಕೇಳಿಸಿಕೊಂಡು ಇದ್ದಳು. ನಾಗರತ್ನಾ ಬಾದಾಮಿಯ ಗಂಡನ ಮನೆಯಿಂದ ಬಂದ ದಿನ ಆಚೆ ನಗು ಜೋರಾಗುತ್ತಿತ್ತು. ಸುನಂದಾ ಅಂದು ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಕೆಲಸ ಎಂದಿಗಿಂತ ಹೆಚ್ಚು ಹೊತ್ತು ಮಾಡುತ್ತಿದ್ದಳು.

ಹೋದ ವರ್ಷ ಪ್ರಯೋಗಾಲಯದಲ್ಲಿ ಹುಡುಗಿಯರು ಕಬ್ಬಿಣದ ಪುಡಿಯಿಂದ ಬಣ್ಣದ ನೀರನ್ನು ತಿಳಿ ಮಾಡಿ ತೋರಿಸಿದರು. ಆ ಸಂಜೆ ಸುನಂದಾ ಒಂದು ಬಾಟಲಿಯಲ್ಲಿ ಕಬ್ಬಿಣದ ತುರಿ ಹಾಕಿಕೊಂಡು ಹಿತ್ತಿಲ ಬಾಗಿಲು ಬಡಿದಳು. ಇಂದ್ರಾಬಾಯಿ ತೆರೆದು ಮುಖ ನೋಡಿದಳು.

"ದೊಡ್ಡವ್ವಾ, ಬಾವ್ಯಾಗಿಂದು ಒಂದು ತಂಬಿಗಿ ನೀರ ಕೊಡು."

"ಯಾಕ, ಇನ್ನೂ ಏನರ ಕೂಡಸೂದು ಉಳದೈತೇನ ಅದರಾಗ?"

ಆದರೂ ನೀರು ಸೇದಿ ಕೊಟ್ಟಳು. ಇಬ್ಬರೂ ಬಾವಿಕಟ್ಟೆಯ ಮೇಲೆ ಬಾಟಲಿಯನ್ನು ನಡುವೆ ಇಟ್ಟುಕೊಂಡು ಕೂತರು. ಆಗಾಗ ಸುನಂದಾ ಅಲುಗಾಡಿಸಿದಳು. ಗಂಟೆ ದಾಟಿತು. ಕೆಂಪು ಗುಲಾಬಿಯಾಯಿತು, ಗುಲಾಬಿ ಹಳದಿಯಾಯಿತು, ಆಮೇಲೆ ಏನೂ ಉಳಿಯಲಿಲ್ಲ. ಇಂದ್ರಾಬಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಬಣ್ಣ ಎಲ್ಲಿಗಿ ಹೋತ?"

"ಕಬ್ಬಿಣ ತಿಂತು, ದೊಡ್ಡವ್ವಾ."

ತರಗತಿಯಲ್ಲಿ ಒಂದು ಶಬ್ದ ತಪ್ಪದ ಸುನಂದಾ ಅಂದು ಹಾಗೆಂದುಬಿಟ್ಟಳು. ಕಬ್ಬಿಣ ತಿಂದಿರಲಿಲ್ಲ, ಮುರಿದಿತ್ತು. ಮುರಿದ ಚೂರುಗಳು ಕಣ್ಣಿಗೆ ಕಾಣದೆ ನೀರಿನಲ್ಲೇ ಉಳಿಯುತ್ತವೆ, ಕೆಲವು ಬಣ್ಣಕ್ಕಿಂತ ಕೆಟ್ಟವು, ಅವನ್ನು ತೆಗೆಯುವುದು ಬೇರೆಯೇ ಕೆಲಸ. ಇದನ್ನೆಲ್ಲ ಆಮೇಲೆ ಹೇಳಿದಳು. ಆದರೆ ಇಂದ್ರಾಬಾಯಿ ಮೊದಲ ಮಾತನ್ನೇ ಹಿಡಿದುಕೊಂಡಿದ್ದಳು.

ಡ್ರಮ್ಮುಗಳು ಬಂದವು. "ನಾ ಕೆಡಿಸಿದ್ದನ್ನ ಲೇತಿನ ಕಸ ತಂದು ನೆಟ್ಟಗ ಮಾಡ್ತೀ ಏನ? ತುಕ್ಕು ಹಿಡದು ಹೊಕ್ಕತಿ ಅದು," ಎಂದ ಅಪ್ಪ, ಹಿತ್ತಿಲ ಕಡೆ ಹೆಜ್ಜೆ ಇಡಲಿಲ್ಲ. ಅಷ್ಟರಲ್ಲಿ ನಾಗರತ್ನಾಳ ಮಗಳು ರಾಧಿಕಾಳಿಗೆ ದಿನ ತುಂಬಿತ್ತು. ಹೆರಿಗೆ ಬಾದಾಮಿಯಲ್ಲಾಗಲಿ ಎಂದರೂ ಕೇಳದೆ ಇಂದ್ರಾಬಾಯಿ ಮೊಮ್ಮಗಳನ್ನು ಇಳಕಲ್ಲಿಗೇ ಕರೆಸಿಕೊಂಡಳು. ಜೊತೆಗೆ ನಾಗರತ್ನಾ ಬಂದಳು.

ಹೆರಿಗೆಯಾದ ಮೂರನೆಯ ದಿನ ಸುನಂದಾ ಬಾವಿಯ ಪಕ್ಕ ಕೂತು ಹುಣಸೆಹುಳಿಯಲ್ಲಿ ಕಬ್ಬಿಣದ ತುರಿ ತಿಕ್ಕುತ್ತಿದ್ದಳು. ತುಕ್ಕು, ಎಣ್ಣೆ ಹೋಗಿ ಕಬ್ಬಿಣ ಬತ್ತಲಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಾಗರತ್ನಾ ಕೂಸಿನ ಅರಿವೆ ಒಣಹಾಕಲು ಬಂದವಳು ನಿಂತಳು.

"ಹುಣಸಿಹಣ್ಣ ಹಿಂಗ ದಂಡ ಮಾಡತಾರೇನ? ಮದಲ ಬೀಜ ತಗಿ."

ಸುನಂದಾಳ ಕೈ ನಿಂತಿತು. "ಯಾವಾಗಲೂ ನೀನ ತಗೀತಿದ್ದಿ," ಎಂದಳು.

ನಾಗರತ್ನಾ ಸೀರೆ ಎತ್ತಿ ಕಟ್ಟಿ ಎದುರಿಗೆ ಕೂತಳು. "ಮಕ್ಕಳಿಗೆ ಪಾಠಾ ಹೇಳತೀಯಂತ. ಹಿಂಗ ತಿಕ್ಕಿದ್ರ ಸಂಜೀತನಾ ಒಂದ ಬುಟ್ಟಿ ಆಗಂಗಿಲ್ಲ, ಸುನಿ." ಇಪ್ಪತ್ಮೂರು ವರ್ಷಗಳ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ತುರಿ ತಾಗಿ ಇಬ್ಬರ ಬೆರಳೂ ಕೊಯ್ದವು. ಹುಳಿ ಉರಿಯಿತು. "ಯವ್ವಾ, ಉರಿ ಅಂದ್ರ ಉರಿ!" ಎಂದು ನಾಗರತ್ನಾ ಕೈ ಝಾಡಿಸುತ್ತ ನಕ್ಕಾಗ, ಗೋಡೆಯ ತನ್ನ ಬದಿಯಲ್ಲಿ ನಿಂತು ಕೇಳುತ್ತಿದ್ದ ನಗು ಇಷ್ಟು ಹತ್ತಿರದಿಂದ ಹೀಗಿರುತ್ತದೆ ಎಂಬುದೇ ಸುನಂದಾಳಿಗೆ ಮರೆತುಹೋಗಿತ್ತು.

ಬಾಗಲಕೋಟೆಯ ನವನಗರದ ಪ್ರಯೋಗಾಲಯದಿಂದ ಅವಳು ವರದಿ ತಂದದ್ದು ನಾಲ್ಕು ದಿನದ ಹಿಂದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಬ್ಬಿಣದ ಅಂಶ ಮಿತಿಯೊಳಗೆ. ಆದರೆ ಆ ಮುರಿದ ಚೂರುಗಳು ಇದ್ದವು. ಕೊನೆಯ ಸಾಲು: ಕುಡಿಯಲು ಯೋಗ್ಯವಲ್ಲ. ಬಾಗಲಕೋಟೆಯಿಂದ ಬರುವಾಗ ಬಸ್ಸಿನಲ್ಲಿ ಆ ಸಾಲನ್ನು ಅದೆಷ್ಟು ಸಲ ಓದಿದಳೋ. ನಾಗರತ್ನಾಳಿಗೆ ಹೇಳಿದಳು. ನಾಗರತ್ನಾ ಕೂಸಿನ ಕುಂಚಿಗೆ ಮಡಚುತ್ತ, "ಅವ್ವಗ ನೀನ ಹೇಳು. ನನ್ನ ಬಾಯಿಲೆ ಬರಂಗಿಲ್ಲ," ಎಂದಳು.

ಇಂದ್ರಾಬಾಯಿ ಆಗಲೇ ಓಣಿಯ ಐದು ಮುತ್ತೈದೆಯರಿಗೆ ಹೇಳಿಕಳಿಸಿದ್ದಳು: ನಮ್ಮ ಬಾವಿ ತಿಳಿಯಾಗೇತಿ, ಬರ್ರಿ.

"ದೊಡ್ಡವ್ವಾ, ಪೂಜಿ ಮಾಡ್ರಿ. ಕೈಕಾಲಿಗೆ ಹಾಕ್ಕೊಳ್ರಿ. ಬಾಯಿಗೆ ಮಾತ್ರ ಬ್ಯಾಡ. ಒಂದು ಬಣ್ಣ ಮುರದು ಹತ್ತು ಚೂರು ಆಗ್ಯಾವ. ರಾಧಿಕಾ ಹಾಲ ಕುಡಸ್ತಾಳ."

"ಬಾಯಿಗೆ ಹಾಕದ ನೀರು ಗಂಗಿ ಹೆಂಗಾಕ್ಕಾಳ?" ಇಂದ್ರಾಬಾಯಿ ಸಿಟ್ಟಾಗಲಿಲ್ಲ, ಚಿಕ್ಕವಳಿಗೆ ತಿಳಿಸಿ ಹೇಳುವಂತೆ ಹೇಳಿದಳು. "ಬಾಣಂತಿ ತಲಿಗಿಂಬಿನ ಬುಡಕ ಏನ ಇಡ್ತೇವಿ? ಕುಡಗೋಲು. ತೊಟ್ಟಲದಾಗ? ಕಬ್ಬಿಣದ ತುಂಡು. ಅಕಿ ಹೊರಗ ಬರಬೇಕಾದ್ರ ಕೈಯಾಗ ಚೂರಿ. ಬಾಣಂತಿನ್ನ ಕಾಯೂದ ಕಬ್ಬಿಣ. ಕಬ್ಬಿಣದಾಗ ಹಾದು ಬಂದ ನೀರು ಬಾಣಂತಿಗಿ ಕೇಡು ಮಾಡ್ತೈತೇನ? ಇಷ್ಟು ಓದೀದಿ, ಇಷ್ಟ ತಿಳಿವಲ್ದ ನಿನಗ?"

"ಹಂಗಲ್ಲ, ದೊಡ್ಡವ್ವಾ..."

"ನನ್ನ ಮಗಳು ನಳಕ್ಕ ಕುಂಕಮ ಹಚ್ಚಿದ್ಲು. ನೀ ನೋಡೀದಿ." ಅಷ್ಟು ಹೇಳಿ ಅವಳು ಒಳಗೆ ಹೋದಳು.

ಸುನಂದಾ ಲೆಕ್ಕ ಹಾಕಿದಳು. ನಾಳೆ ಐದು ಜನರ ಎದುರು ಬೇಡ ಎಂದರೆ, ಕೆಡಿಸಿದ ಮನೆಯವಳೇ ಮತ್ತೆ ಬಂದು ನಿಮ್ಮ ಬಾವಿ ಹೊಲಸು ಎಂದಂತೆ. ಎದುರು ಕೂತು ಹುಣಸೆಬೀಜ ತೆಗೆದ ಆ ಕೈ ಮತ್ತೆ ಗೋಡೆಯಾಚೆ ಹೋಗುತ್ತದೆ. ಸುಮ್ಮನಿದ್ದರೆ ಬಾಣಂತಿ ಕುಡಿಯುತ್ತಾಳೆ. ಒಂದು ಬೊಗಸೆಯಿಂದ ಏನೂ ಆಗಲಿಕ್ಕಿಲ್ಲ. ಆಗಲಿಕ್ಕಿಲ್ಲ ಎಂಬ ಶಬ್ದವನ್ನು ಅವಳು ನಾಲ್ಕು ದಿನದಿಂದ ತಿರುವಿ ತಿರುವಿ ನೋಡಿದ್ದಳು. ಮೂವತ್ತು ದಿನದ ಕೂಸಿನ ಮುಂದೆ ಆ ಶಬ್ದ ನಿಲ್ಲುತ್ತಿರಲಿಲ್ಲ.

ಈಗ ಅರ್ಧ ಕೊಡದ ಮುಂದೆ ನಿಂತು ಅವಳು ಕಟ್ಟಿಗೆಯನ್ನು ಕೆಳಗಿಟ್ಟಳು. ಕಟ್ಟಿದ ತುರಿಯನ್ನು ಒಡೆದು ಬಿಡಿಸಿದರೆ ಬೆಳಗಿನೊಳಗೆ ಇನ್ನಷ್ಟು ನೀರು ಇಳಿಯುತ್ತಿತ್ತು. ಬಿಡಿಸಲಿಲ್ಲ. ಕೊಡ ಎತ್ತಿ ನೀರನ್ನು ಮೊದಲ ಡ್ರಮ್ಮಿಗೆ ಸುರಿದಳು. ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ತನ್ನ ಅಡುಗೆಮನೆಗೆ ಬಂದಳು. ಮೂಲೆಯಲ್ಲಿ ಶುದ್ಧನೀರಿನ ಘಟಕದಿಂದ ತಂದ ಕ್ಯಾನ್ ಇತ್ತು. ಒಳಗಿನ ಕೋಣೆಯಲ್ಲಿ ಅಪ್ಪ ಕೆಮ್ಮಿದ. ಅವಳು ಉಸಿರು ಹಿಡಿದು ನಿಂತಳು. ಮತ್ತೆ ಗೊರಕೆ ಶುರುವಾದ ಮೇಲೆ ಕ್ಯಾನನ್ನು ಬಾಗಿಸಿದಳು. ಗುಳುಗುಳು ಸದ್ದಾಗದಂತೆ ಕೊಡದ ಬಾಯಿಗೆ ಅರಿವೆ ಇಟ್ಟು, ಗೋಡೆಗೆ ಒರಗಿ, ಕೊರಳತನಕ ತುಂಬಿದಳು. ತುಂಬಿದ ಕೊಡ ಹೊತ್ತು ಹಿತ್ತಿಲ ಬಾಗಿಲು ದಾಟಿದಳು. ಅದನ್ನು ನಲ್ಲಿಯ ಕೆಳಗೆ ಮೊದಲಿದ್ದಂತೆಯೇ ಇಟ್ಟು, ಒದ್ದೆ ಗುರುತು ಒರೆಸಿದಳು.

ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಐದು ಕಲ್ಲು ಸಾಲಾಗಿ ಕೂತಿದ್ದವು. ಅರಿಷಿಣ, ಕುಂಕುಮ, ಎಲೆ ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ರಾಧಿಕಾ ತಲೆಗೆ ಅರಿವೆ ಸುತ್ತಿ, ಕೈಯಲ್ಲಿ ಚೂರಿ ಹಿಡಿದು, ಎಳೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಕೂಸು ನಾಗರತ್ನಾಳ ಎದೆಯ ಮೇಲೆ ಮಲಗಿತ್ತು. ಎದುರು ಮನೆಯ ಚಂದವ್ವ ಡ್ರಮ್ಮುಗಳ ಸುತ್ತ ಒಂದು ಸುತ್ತು ಹಾಕಿ ಬಂದಳು.

"ಅಪ್ಪ ಬಣ್ಣಾ ಹಾಕಿದ, ಮಗಳು ತಗದ್ಲು. ಬಣ್ಣದವರ ಮನಿ ಕೆಲಸ ಯಾವಾಗಲೂ ಪಕ್ಕಾ ನೋಡ್ರಿ."

ಹೆಂಗಸರು ನಕ್ಕರು. ಸುನಂದಾಳೂ ನಕ್ಕಳು.

ಪೂಜೆಯಾಯಿತು. ಕೊಡದ ಬಾಯಿ ನೋಡಿ ಇಂದ್ರಾಬಾಯಿಯ ಮುಖ ಅರಳಿತು. "ತುಂಬೇತಿ ನೋಡ್ರಿ! ರಾತ್ರ್ಯಾಗ ಹನಿ ಹನಿ ಕೂಡಿ ತುಂಬೇತಿ." ಮನೆಯ ಹಿರಿಯಳು ಮೊದಲು ರುಚಿ ನೋಡಿ ಆಮೇಲೆ ಬಾಣಂತಿಗೆ ಹಾಕುವುದು ಪದ್ಧತಿ. ಅವಳು ಸಣ್ಣ ತಂಬಿಗೆಯಲ್ಲಿ ತೆಗೆದು, ಬಲ ಅಂಗೈಗೆ ಸುರಿದುಕೊಂಡು, ಕಣ್ಣು ಮುಚ್ಚಿ ಬಾಯಿಗಿಟ್ಟಳು.

ಸುನಂದಾಳಿಗೆ ಆಗ ನೆನಪಾಯಿತು. ಇಡೀ ಓಣಿಯಲ್ಲಿ ಕ್ಯಾನಿನ ನೀರು ಒಲ್ಲದವಳು ಇವಳೊಬ್ಬಳೇ. ಸತ್ತ ನೀರು, ನಾಲಿಗೆಗೆ ಹತ್ತುವುದೇ ಇಲ್ಲ ಎಂದು ಇಂದಿಗೂ ನಲ್ಲಿಯ ನೀರನ್ನೇ ಕಾಯಿಸಿ ಕುಡಿಯುವವಳು.

ಇಂದ್ರಾಬಾಯಿ ನೀರನ್ನು ನುಂಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಇದ್ದಳು. ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣು ಅಲುಗಿತು. ಆಮೇಲೆ ನುಂಗಿದಳು. ಕಣ್ಣು ತೆರೆದು ಕೊಡದೊಳಗೆ ನೋಡಿದಳು, ಆಮೇಲೆ ಬಾವಿಯೊಳಗೆ. ಸುನಂದಾಳ ಕಡೆಗೆ ಮಾತ್ರ ನೋಡಲಿಲ್ಲ.

"ಹೆಂಗೈತಿ ಆಯಿ?" ಎಂದಳು ರಾಧಿಕಾ.

ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

"ಅದ ನೀರು," ಎಂದಳು ಇಂದ್ರಾಬಾಯಿ. "ನಮ್ಮ ಬಾವಿ ನೀರು. ಅದ ರುಚಿ. ಹಿಡಿ ಬೊಗಸಿ."

ರಾಧಿಕಾ ಚೂರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೊಗಸೆ ಒಡ್ಡಿ ಕುಡಿದಳು. ನಾಗರತ್ನಾ ಕೂಸಿನ ತಲೆಯ ಮೇಲೆ ಗದ್ದ ಊರಿ ಅಳತೊಡಗಿದಳು. ಅಳುತ್ತಲೇ ಒಂದು ಕೈ ಚಾಚಿ ಸುನಂದಾಳ ಸೆರಗಿನ ತುದಿ ಹಿಡಿದಳು.

"ಏ, ನನಗೊಂದು ಚರಿಗಿ ಇರಲಿ, ಮನ್ಯಾಗ ಹುಡುಗರಿಗೆ ರುಚಿ ತೋರಸ್ತೇನಿ," ಎಂದು ಚಂದವ್ವ ಡ್ರಮ್ಮಿನ ನಲ್ಲಿಯ ಕಡೆಗೆ ನಡೆದಳು. ಸುನಂದಾ ಬಾಯಿ ತೆರೆಯುವ ಮೊದಲೇ ಇಂದ್ರಾಬಾಯಿಯ ದನಿ ಎದ್ದಿತು.

"ಚಂದೂ, ಆ ನಳಾ ಮುಟ್ಟಬ್ಯಾಡ! ಇವತ್ತಿಂದು ಗಂಗಿ ಕೊಡ, ಅದರಾಗಿಂದು ಬೇಕಾದಷ್ಟು ಕುಡಿ. ಡ್ರಮ್ಮಿಂದು ಇನ್ನ ಹದಕ್ಕ ಬಂದಿಲ್ಲ. ಸುನಂದಾ ಹೂಂ ಅನ್ನೂತನಾ ಯಾರೂ ಬಾಯಿಗೆ ಹಾಕಂಗಿಲ್ಲ. ನಾನೂ ಇಲ್ಲ. ತಿಳೀತಿಲ್ಲ?"

"ಬಾವಿ ನಿನ್ನದವಾ, ನನಗ್ಯಾಕ," ಎಂದು ಚಂದವ್ವ ಹಿಂದೆ ಸರಿದಳು.

ಹೆಂಗಸರು ಊಟಕ್ಕೆ ಒಳಗೆ ಹೋದ ಮೇಲೆ ಇಂದ್ರಾಬಾಯಿ ಬಾವಿಕಟ್ಟೆಯ ಮೇಲೆ ಕೂತಳು. ಸುನಂದಾ ಎಲೆ ಅಡಿಕೆ ಎತ್ತುತ್ತಿದ್ದಳು. ಮುದುಕಿಯ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಹಿಡಿತ ಬಿಗಿಯಾಗಿತ್ತು.

"ಆ ಚೂರು ಅಂದೆಲ್ಲ. ಅವನ್ನ ತಗ್ಯಾಕ ಇನ್ನ ಎಷ್ಟ ದಿನ ಬೇಕ?"

"ಇನ್ನೂ ಎರಡು ಡ್ರಮ್ಮು ಬೇಕು ದೊಡ್ಡವ್ವಾ. ಒಂದ ವರ್ಷ ಆಗಬಹುದು. ಮ್ಯಾಲೂ ಆಗಬಹುದು." ಸ್ವಲ್ಪ ತಡೆದು ಸೇರಿಸಿದಳು, "ಆಗದನೂ ಇರಬಹುದು."

"ನನಗ ಎಂಬತ್ತಾತು," ಎಂದಳು ಇಂದ್ರಾಬಾಯಿ. ಬಾವಿಯ ಕತ್ತಲೆಯನ್ನು ನೋಡುತ್ತಿದ್ದಳು. "ಲಗೂ ಮಾಡು."

ಅಡುಗೆಮನೆಯ ಬಾಗಿಲಲ್ಲಿ ನಾಗರತ್ನಾ ತಡೆದಳು. ಮೂಗು ಇನ್ನೂ ಕೆಂಪಗಿತ್ತು. "ಅವ್ವ ಏನಂದ್ಲು?"

"ಲಗೂ ಮಾಡು ಅಂದ್ಲು."

"ಅಕೀದು ಯಾವಾಗಲೂ ಗಡಿಬಿಡಿ. ಬಾವಿ ನೀರ ಕುಡದಾಳ ಇವತ್ತ, ಇನ್ನ ಏನು ಲಗೂ? ತಡಿ, ಹಂಗ ಹೋಗಬ್ಯಾಡ." ಒಳಗೆ ಹೋಗಿ ತಾಟಿನಲ್ಲಿ ಹೋಳಿಗೆ ಇಟ್ಟು, ಬಾಳೆಲೆ ಮುಚ್ಚಿ ತಂದಳು. "ಕಾಕಾಗ ಕೊಡು. ಅವ್ವನ ಕೊಡು ಅಂದಾಳ. ಸಂಜಿಗಿ ನೀ ಬಾ. ಭಾಳ ಮಾತ ಅದಾವ."

ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಕರೆದಿರಲಿಲ್ಲ, ಕರೆಯುತ್ತಾರೆಂದು ಅಂದುಕೊಂಡೂ ಇರಲಿಲ್ಲ, ಆದರೂ ಹಾಕಿಕೊಂಡಿದ್ದ. ಅವಳು ತಾಟು ಇಟ್ಟಾಗ ಅದನ್ನು ಮುಟ್ಟದೆ ಕೇಳಿದ.

"ಕುಡದ್ರ?"

"ಹೂಂ."

"ಇಂದ್ರಾಬಾಯಿ?"

"ಮದಲ ಅವರ ಕುಡದ್ರು."

"ಏನಂದ್ರು?"

ಅವಳು ಅವನ ಮುಂದೆ ಕೂತಳು. ಹೇಳಿದರೆ ಹಗುರಾಗುತ್ತಿತ್ತು. ರಾತ್ರಿಯ ಕೊಡ, ಕ್ಯಾನ್, ಮುದುಕಿ ಬಾಯಲ್ಲಿ ಹಿಡಿದ ಆ ಗುಟುಕು, ಅವಳಿಗೆ ಗೊತ್ತಾಯಿತೋ ಇಲ್ಲವೋ ಎಂಬ ಅನುಮಾನ, ಎಲ್ಲವೂ ನಾಲಿಗೆಯ ತುದಿಗೇ ಇದ್ದವು. ಅಪ್ಪನ ಕಣ್ಣು ಅವಳ ತುಟಿಯ ಮೇಲಿತ್ತು. ಇವನಿಗೂ ಬೇಡ, ನಾಗಿಗೂ ಬೇಡ ಎಂದುಕೊಂಡಳು. ಯಾರಿಗೂ ಬೇಡ.

"ಅದ ರುಚಿ ಅಂದ್ರು," ಎಂದಳು.

ಅಪ್ಪ ತಲೆಯಾಡಿಸಿದ. ಬಾಳೆಲೆ ಸರಿಸಿ, ಹೋಳಿಗೆಯ ಅಂಚು ಮುರಿದು ಬಾಯಿಗಿಟ್ಟುಕೊಂಡ. ಅಗಿಯುವುದನ್ನು ಮರೆತವನಂತೆ ಬಹಳ ಹೊತ್ತು ಹಾಗೇ ಕೂತಿದ್ದ. ಸುನಂದಾ ಎದ್ದು ತುಪ್ಪದ ಗಿಂಡಿ ತಂದು ಅವನ ತಾಟಿಗೆ ಬಾಗಿಸಿದಳು.